ಗಾಡಿ ಇದೆ, ಎಂಥ ಗಾಡಿ?

ಮಳವಳ್ಳಿ ಕಡೆಯಿಂದ ಹೊರಟ ಕಬ್ಬಿನ ಗಾಡಿಯೊಂದನ್ನು ಮಂಡ್ಯದ ವಿದ್ಯಾರ್ಥಿಯೊಬ್ಬ ಪೈಥಾನ್‌ನಲ್ಲಿ ಬರೆಯುತ್ತಾನೆ ಎನ್ನೋಣ. ಕ್ಲಾಸಿನ ಹೆಸರು ‘ಗಾಡಿ’, ಊರು ಮಳವಳ್ಳಿ, ತೂಕ 12 ಟನ್. ಎಲ್ಲ ತುಂಬಿಸಿ ಪ್ರಿಂಟ್ ಕೊಟ್ಟರೆ ಪರದೆಯ ಮೇಲೆ ಊರೂ ಇಲ್ಲ, ತೂಕವೂ ಇಲ್ಲ. ‘ಗಾಡಿ’ ಎಂಬ ಆಬ್ಜೆಕ್ಟ್ ಮೆಮೊರಿಯ ಇಂಥ ವಿಳಾಸದಲ್ಲಿದೆ ಎಂದಷ್ಟೇ ಒಂದು ಸಾಲು.

ವಸ್ತು ಇದೆ. ಎಂಥದ್ದೆಂದು ತಿಳಿಯದು.

ಗುಣವಿಲ್ಲದ ಬರಿಯ ಇರವನ್ನು ಅರಿಯಲಾದೀತೆ? ಇದೇ ಜಿಲ್ಲೆಯ ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜಾಚಾರ್ಯರು ಈ ಪ್ರಶ್ನೆಯನ್ನು ಬಿಡದೆ ಹಿಡಿದವರು. ಪ್ರತ್ಯಕ್ಷಕ್ಕೆ ಸಿಕ್ಕುವುದು ಬರಿಯ ಸತ್ತೆ ಮಾತ್ರ ಎಂಬ ಅದ್ವೈತದ ವಾದವನ್ನು ಅವರ ಶ್ರೀಭಾಷ್ಯ ಒಪ್ಪುವುದಿಲ್ಲ. ಹಸುವನ್ನು ಮೊದಲ ಸಲ ನೋಡುವವನಿಗೂ ಅದು ಗಂಗೆದೊಗಲು ಸಮೇತವಾಗಿಯೇ ಕಾಣುತ್ತದೆ. ಎರಡನೆಯ, ಮೂರನೆಯ ಹಸುವನ್ನು ಕಂಡಾಗ ಆ ಆಕಾರ ಎಲ್ಲಕ್ಕೂ ಸಮಾನವೆಂದು ಹೊಳೆಯುತ್ತದೆ, ವ್ಯತ್ಯಾಸ ಅಷ್ಟೇ. ಪೈಥಾನ್‌ನ ಒರಟು ಸಾಲೂ ಈ ಮಾತಿಗೇ ಒದಗಿಬರುತ್ತದೆ. ‘ಗಾಡಿ’ ಎಂಬ ಜಾತಿಯ ಹೆಸರನ್ನಾದರೂ ಸೇರಿಸದೆ ಬರಿದೇ ‘ಇದೆ’ ಎನ್ನಲು ಅದಕ್ಕೂ ಬಾರದು.

ಊರು, ತೂಕ ಕಾಣಬೇಕಾದರೆ ಕ್ಲಾಸಿನೊಳಗೆ ‘ಸ್ಟ್ರ್’ ಎಂಬ ವಿಶೇಷ ಮೆಥಡ್ ಬರೆಯಬೇಕು. ಹೆಸರಿನ ಹಿಂದೆ ಮುಂದೆ ಎರಡೆರಡು ಅಡಿಗೆರೆ. ಅದರ ಜೊತೆಗಾರ ‘ರೆಪ್ರ್’. ಮೊದಲನೆಯದು ಓದುವವರಿಗೆ, ಎರಡನೆಯದು ಪ್ರೋಗ್ರಾಂ ತಿದ್ದುವವರಿಗೆ. ರೆಪ್ರ್ ಕೊಟ್ಟ ಸಾಲನ್ನು ಮತ್ತೆ ಓಡಿಸಿದರೆ, ಸಾಧ್ಯವಿದ್ದಷ್ಟೂ, ಅಂಥದೇ ವಸ್ತು ಹುಟ್ಟಬೇಕೆಂಬುದು ರೂಢಿ. ಸ್ಟ್ರ್ ಇಲ್ಲದಿದ್ದರೆ ಪ್ರಿಂಟ್ ರೆಪ್ರ್‌ನ ಮೊರೆಹೋಗುತ್ತದೆ. ಗಾಡಿಗಳನ್ನು ಲಿಸ್ಟ್‌ನಲ್ಲಿಟ್ಟು ಪ್ರಿಂಟ್ ಮಾಡಿದರಂತೂ ಸ್ಟ್ರ್ ಇದ್ದರೂ ಕಾಣುವುದು ರೆಪ್ರೇ. ಹೊಸಬರು ಕಂಗೆಡುವುದು ಇಲ್ಲಿ. 2018ರಲ್ಲಿ ಬಂದ ಪೈಥಾನ್ 3.7ರ ಡೇಟಾಕ್ಲಾಸ್ ಈ ರೆಪ್ರ್ ಅನ್ನು ತಾನೇ ಬರೆದುಕೊಡುತ್ತದೆ.

ಮೇಲುಕೋಟೆಯಲ್ಲೂ ಒಬ್ಬನೇ ದೇವರಿಗೆ ಎರಡು ಮೂರ್ತಿ. ಮೂಲಮೂರ್ತಿ ತಿರುನಾರಾಯಣ ಗರ್ಭಗುಡಿ ಬಿಟ್ಟು ಕದಲುವುದಿಲ್ಲ. ಬೀದಿಗೆ ಬರುವವನು ಉತ್ಸವಮೂರ್ತಿ ಚೆಲುವನಾರಾಯಣ. ಮಂಡ್ಯದ ಖಜಾನೆಯಿಂದ ಬಂದೋಬಸ್ತಿನಲ್ಲಿ ಬರುವ ವೈರಮುಡಿ ಕಿರೀಟ ಏರುವುದೂ ಅವನ ತಲೆಗೇ. ಆದರೆ ಹೋಲಿಕೆಯನ್ನು ಇನ್ನೂ ಎಳೆಯಬಾರದು. ಸ್ಟ್ರ್ ಕೊಡುವುದು ಗಾಡಿಯ ವಿವರವನ್ನು, ಗಾಡಿಯನ್ನಲ್ಲ. ಶ್ರೀವೈಷ್ಣವರಿಗೆ ಉತ್ಸವಮೂರ್ತಿ ದೇವರ ವಿವರವಲ್ಲ, ಸಾಕ್ಷಾತ್ ದೇವರೇ.

ಯಾವ ಗುಣ ಹೇಳಬೇಕೆಂಬ ಆಯ್ಕೆ ಬರೆಯುವವನದು. ರೈತನಿಗೆ ತೂಕ ಬೇಕು, ಕಾರ್ಖಾನೆಗೆ ಸಕ್ಕರೆ ಇಳುವರಿ ಬೇಕು. ಹಾಗೆಂದು ಮೊದಲು ಕಂಡ ಆ ವಿಳಾಸ ಕಸವಲ್ಲ. ಮದ್ದೂರಿನಲ್ಲಿ ಒಂದೇ ಬಾಣಲೆಯಿಂದ ತೆಗೆದ ಎರಡು ವಡೆಗಳಲ್ಲಿ ಅಕ್ಕಿಹಿಟ್ಟು, ರವೆ, ಮೈದಾ, ಈರುಳ್ಳಿ ಎಲ್ಲವೂ ಅವೇ. ಆದರೂ ಅವು ಎರಡು. ಗುಣಗಳೆಲ್ಲ ಒಂದೇ ಆದಾಗ ಇದು ಬೇರೆ, ಅದು ಬೇರೆ ಎಂದು ಹೇಳಲು ಉಳಿಯುವುದು ವಿಳಾಸವೊಂದೇ. ಮುಕ್ತಿ ಪಡೆದ ಜೀವರ ಬಗ್ಗೆಯೂ ರಾಮಾನುಜರ ವಿಶಿಷ್ಟಾದ್ವೈತ ಹೇಳುವುದು ಹೀಗೆಯೇ: ಸ್ವರೂಪದಲ್ಲಿ ಅವರೆಲ್ಲ ಸಮಾನರು, ಎಣಿಕೆಯಲ್ಲಿ ಬೇರೆ ಬೇರೆ.