ಫ್ರಿಜ್ಜಿನ ಹಾಲು ನೈವೇದ್ಯಕ್ಕೆ ಬರುತ್ತದೆಯೇ?

ಪ್ರಶ್ನೆ: ನಾನು ಕೆಲಸಕ್ಕೆ ಹೋಗುವವಳು. ಫ್ರಿಜ್ಜಿನಲ್ಲಿ ಸಾರಿನ ಪಾತ್ರೆ ಪಕ್ಕದಲ್ಲೇ ಹಾಲು ಇಡ್ತೀನಿ. ‘ಅದೆಲ್ಲ ಮುಸುರೆ, ದೇವರಿಗೆ ಬೇಡ’ ಅಂತಾರೆ ಅತ್ತೆ. ದಿನಾ ಇದೇ ಜಗಳ.
— ಓದುಗರು, ಯಲಹಂಕ

ಉತ್ತರ: ತಾಯಿ, ನಿಮ್ಮ ಅತ್ತೆಯವರ ಮಾತು ಅರ್ಧ ಸರಿ. ಬೇಯಿಸಿದ ಅನ್ನ, ಸಾರು, ಪಲ್ಯ ರಾತ್ರಿ ಕಳೆದರೆ ತಂಗಳು, ಫ್ರಿಜ್ಜಿನಲ್ಲಿಟ್ಟರೂ ತಂಗಳೇ. ಗೀತೆಯ 17ನೇ ಅಧ್ಯಾಯದ 10ನೇ ಶ್ಲೋಕ ಅದನ್ನು ತಾಮಸರಿಗೆ ಪ್ರಿಯವಾದ ಆಹಾರವೆನ್ನುತ್ತದೆ. ನೈವೇದ್ಯಕ್ಕೆ ಸಲ್ಲದು. ಆದರೆ ಒಡೆಯದ ಹಾಲಿನ ಪ್ಯಾಕೆಟ್ಟು, ಹಣ್ಣು, ವೀಳ್ಯದೆಲೆಗೆ ಬರೀ ತಂಪಿನಿಂದ ದೋಷವೇನು? ಎಲೆಯನ್ನು ಹಿಂದೆಲ್ಲ ಒದ್ದೆ ಬಟ್ಟೆಯಲ್ಲಿ ಸುತ್ತಿಡುತ್ತಿರಲಿಲ್ಲವೇ! ಮೇಲಿನ ಒಂದು ಅರೆ ದೇವರಿಗೆಂದೇ ಬಿಡಿ, ಮುಸುರೆ ಪಾತ್ರೆ ಅಲ್ಲಿಗೆ ಹೋಗದಿರಲಿ. ಹಾಲು ಕಾಯಿಸಿ, ಸಕ್ಕರೆ ಹಾಕಿ ನಿವೇದಿಸಿ. ಸಂಜೆ ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿರೋ, ಒಂದು ಚೂರು ಬೆಲ್ಲ ಸಾಕು. ಅದನ್ನು ಅತ್ತೆಯವರ ಕೈಯಿಂದಲೇ ಇಡಿಸಿ.