ಹೊಂಡ ಕಂಡವನ ಋಣ

ಮುಂಬಯಿಯಲ್ಲಿ ಮಳೆ ಹಿಡಿಯಿತೆಂದರೆ ಭಾನುವಾರ ಬೆಳಕು ಹರಿಯುವ ಮೊದಲೇ ಬೈಕಿನ ಗುಂಪುಗಳು ಮಾಳಶೇಜ್ ಘಾಟ್, ಜವ್ಹಾರ್ ಕಡೆ ಹೊರಡುತ್ತವೆ. ಒಮ್ಮೆ ನಾನೂ ಹೋಗಿದ್ದೆ. ಮುಂದಿನವನು ಹೊಂಡ ಕಂಡರೆ ಆ ಬದಿಯ ಕಾಲು ಚಾಚಬೇಕು; ನೋಡಿದವನು ತನ್ನ ಹಿಂದಿನವನಿಗೆ ಹಾಗೇ ತೋರಿಸಬೇಕು. ಅದು ಸಾಲಿನ ನಿಯಮ.

ಕೊನೆಯ ಬೈಕು ನನ್ನದು. ನನ್ನ ಹಿಂದೆ ಗುಂಪಿಗೆ ಸೇರದ ಒಬ್ಬ ಹಾಲಿನವನು ಬರುತ್ತಿದ್ದ. ಹೊಂಡ ಬಂತು, ತಪ್ಪಿಸಿದೆ, ಕಾಲು ಚಾಚಲಿಲ್ಲ. ಅವನು ಬಿದ್ದ. ಪುಣ್ಯಕ್ಕೆ ಮೊಣಕೈ ತರಚಿತು, ಹಾಲು ಹೋಯಿತು, ಅಷ್ಟೇ. 'ನಿನಗೆ ಕಂಡಿತ್ತಲ್ಲ?' ಅಂತ ಹಿಂದಿಯಲ್ಲಿ ಕೇಳಿದ. ಕಂಡಿತ್ತು. ಏನು ಹೇಳಲಿ?

ಎಲ್ಲರಿಗೂ ಆ ಪುಣ್ಯವಿಲ್ಲ. 2017ರ ಜುಲೈಯಲ್ಲಿ ಗುಂಪಿನೊಡನೆ ಜವ್ಹಾರಕ್ಕೆ ಹೊರಟ ಬಾಂದ್ರಾದ ಹೆಣ್ಣುಮಗಳೊಬ್ಬಳು ನೀರು ತುಂಬಿದ ಹೊಂಡಕ್ಕೆ ಸಿಕ್ಕಿ, ಲಾರಿಯ ಚಕ್ರದಡಿ ಜೀವ ಬಿಟ್ಟಳು.

ರಸ್ತೆ ರಿಪೇರಿ ಸರಕಾರದ ಕೆಲಸ, ಸರಿಯೇ. ಹೊಂಡದಿಂದ ಸತ್ತವರ ಮನೆಯವರಿಗೆ 6 ಲಕ್ಷ ರೂಪಾಯಿ ಕೊಡಬೇಕೆಂದು ಬಾಂಬೆ ಹೈಕೋರ್ಟ್ 2025ರಲ್ಲಿ ಹೇಳಿತು. ಆದರೆ ಮುಚ್ಚುವ ತನಕ ಆ ಹೊಂಡ ಯಾರದು? ಊರು ಬಿಟ್ಟು ಬಂದ ನಮ್ಮಂಥವರಿಗೆ ಸುಲಭದ ಉತ್ತರವೊಂದಿದೆ: 'ಇದೇನು ನಮ್ಮೂರೇ?'

2015ರಲ್ಲಿ ಜೋಗೇಶ್ವರಿ–ವಿಕ್ರೋಳಿ ರಸ್ತೆಯ ಹೊಂಡದಿಂದ 16ರ ಮಗನನ್ನು ಕಳೆದುಕೊಂಡ ತರಕಾರಿ ವ್ಯಾಪಾರಿ ದಾದಾರಾವ್ ಬಿಲ್ಹೋರೆ ತಾವೇ ಕಲ್ಲುಮಣ್ಣು ಹೊತ್ತು ನಗರದ ಹೊಂಡ ಮುಚ್ಚತೊಡಗಿದರು. ಹೋದ ಮಗ ಬರುವುದಿಲ್ಲ. ಹಿಂದೆ ಬರುತ್ತಿರುವುದು ಇನ್ಯಾರದೋ ಮಕ್ಕಳು.

ಅಷ್ಟು ದೊಡ್ಡತನ ನನಗಿಲ್ಲ. ಆದರೆ ಕಂಡ ಮೇಲೆ ಹೊಂಡ ನನ್ನದೂ ಹೌದು. ಈಗ ಒಬ್ಬನೇ ಹೋಗುವಾಗಲೂ ಕಾಲು ಚಾಚುತ್ತೇನೆ. ಹಿಂದೆ ಯಾರಿದ್ದಾರೆ ಅಂತ ನೋಡುವುದಿಲ್ಲ.