ಡಬ್ಬಿ ಕೈಗೆ ಸಿಗುವ ಮೊದಲಿನ ಅರಿವು

ಜಿಯೋಕ್ಯಾಶಿಂಗ್ ಆಟದಲ್ಲಿ ಒಬ್ಬರು ಹೊರಗೆಲ್ಲೋ ಒಂದು ಡಬ್ಬಿಯನ್ನು ಬಚ್ಚಿಟ್ಟು ಅದರ ಅಕ್ಷಾಂಶ, ರೇಖಾಂಶಗಳನ್ನು ಪ್ರಕಟಿಸುತ್ತಾರೆ. ಉಳಿದವರು ಜಿಪಿಎಸ್ ಹಿಡಿದು ಹೋಗಿ ಹುಡುಕುತ್ತಾರೆ. ಸಿಕ್ಕರೆ ಒಳಗಿರುವ ಲಾಗ್‌ಬುಕ್‌ನಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುತ್ತಾರೆ. ನಾಗರಿಕರು ಬಳಸುವ ಜಿಪಿಎಸ್ ಸಂಕೇತದಲ್ಲಿ ಅಮೆರಿಕ ಸರ್ಕಾರ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು 2000ದ ಮೇ ತಿಂಗಳ ಆರಂಭದಲ್ಲಿ ತೆಗೆದುಹಾಕಿತು. ಅದಾದ ಕೂಡಲೇ, ಮೇ 3ರಂದು, ಡೇವ್ ಅಲ್ಮರ್ ಎಂಬುವರು ಆರೆಗನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಒಂದು ಬಕೆಟ್ ಇಟ್ಟು ಅದರ ನೆಲೆಯ ಅಂಕಿಗಳನ್ನು ಸಾರಿದರು. ಆಟ ಅಲ್ಲಿಂದ ಬೆಳೆಯಿತು.

ಇದರಲ್ಲೇ ಒಂದು ಬಗೆ ಮಿಸ್ಟರಿ ಕ್ಯಾಶ್. ಇಲ್ಲಿ ಪ್ರಕಟವಾದ ಅಂಕಿಗಳು ನಿಜವಾದ ಜಾಗದವಲ್ಲ. ಡಬ್ಬಿ ಸಾಮಾನ್ಯವಾಗಿ ಅಲ್ಲಿಂದ ಸುಮಾರು 3 ಕಿಲೋಮೀಟರ್ ಒಳಗೆ ಬೇರೆಲ್ಲೋ ಇರುತ್ತದೆ. ನಿಜವಾದ ಅಂಕಿಗಳು ಬೇಕಿದ್ದರೆ ಒಗಟು ಬಿಡಿಸಬೇಕು. ಅದು ಸುಡೊಕು ಆಗಿರಬಹುದು, ಸಂಕೇತಲಿಪಿಯಾಗಿರಬಹುದು, ಯಾರು ಯಾವ ಮನೆಯಲ್ಲಿದ್ದಾರೆ ಎಂದು ಸುಳಿವುಗಳಿಂದ ಪತ್ತೆಹಚ್ಚುವ ತರ್ಕದ ಒಗಟಾಗಿರಬಹುದು. ಹೀಗೆ ಮೇಜಿನ ಮುಂದೆ ಕುಳಿತು ಉತ್ತರ ಪಡೆದವರಿಗೆ ಡಬ್ಬಿ ಎಲ್ಲಿದೆ ಎಂಬುದು ಆಗಲೇ ತಿಳಿದಂತಾಯಿತೇ, ಅಥವಾ ಅದು ಕೈಗೆ ಸಿಕ್ಕಾಗ ಮಾತ್ರ ತಿಳಿದಂತೆಯೇ? ಭಾರತೀಯ ದಾರ್ಶನಿಕರು ಪ್ರಮಾಣ (ಅರಿವಿನ ಸಾಧನ) ಮತ್ತು ಪ್ರಾಮಾಣ್ಯದ (ಅರಿವು ಸರಿಯಾಗಿರುವಿಕೆಯ) ಬಗ್ಗೆ ಶತಮಾನಗಳ ಕಾಲ ನಡೆಸಿದ ವಾದ ಈ ಪ್ರಶ್ನೆಯನ್ನು ನೇರವಾಗಿ ಮುಟ್ಟುತ್ತದೆ.

ಒಂದು ಚಿಕ್ಕ ಒಗಟನ್ನು ತೆಗೆದುಕೊಳ್ಳಬಹುದು. ಅಕ್ಷಾಂಶದ ಮಿನಿಟಿನ ಕೊನೆಯ ಮೂರು ಅಂಕಿಗಳು 2, 5, 8. ಅವುಗಳ ಕ್ರಮ ಗೊತ್ತಿಲ್ಲ. ಮೊದಲ ಅಂಕಿ ಸಮಸಂಖ್ಯೆಯಲ್ಲ. ಕೊನೆಯದು ನಡುವಿನದಕ್ಕಿಂತ ದೊಡ್ಡದು. ಸಮಸಂಖ್ಯೆಯಲ್ಲದ್ದು 5 ಮಾತ್ರವಾದ್ದರಿಂದ ಅದು ಮೊದಲು ಬರಬೇಕು, ಉಳಿದ ಎರಡರಲ್ಲಿ 8 ಕೊನೆಗೆ, ಉತ್ತರ 528. ಎರಡನೆಯ ಸುಳಿವು ಇಲ್ಲದಿದ್ದರೆ 528, 582 ಎರಡೂ ಸರಿಹೊಂದುತ್ತಿದ್ದವು. ಮಿನಿಟಿನ ಸಾವಿರದ ಒಂದು ಭಾಗ ನೆಲದ ಮೇಲೆ ಉತ್ತರ-ದಕ್ಷಿಣವಾಗಿ ಸುಮಾರು 1.85 ಮೀಟರ್. ಆದ್ದರಿಂದ ಆ ಎರಡು ಉತ್ತರಗಳ ನಡುವಿನ ಅಂತರ ಸುಮಾರು 100 ಮೀಟರ್. ಒಂದು ಸುಳಿವು ತಪ್ಪಿದರೆ ಹುಡುಕುವವರು ಬೇರೆಲ್ಲೋ ನಿಂತಿರುತ್ತಾರೆ.

ಇರಬಹುದಾದ ಸಾಧ್ಯತೆಗಳನ್ನು ಒಂದೊಂದಾಗಿ ತಳ್ಳಿಹಾಕಿ ಉಳಿದದ್ದನ್ನು ಹಿಡಿಯುವ ಈ ವಿಧಾನ ನ್ಯಾಯದರ್ಶನಕ್ಕೆ ಹಳೆಯದು. ನ್ಯಾಯಸೂತ್ರದಲ್ಲಿ ಬರುವ ಶೇಷವತ್ ಎಂಬ ಅನುಮಾನವನ್ನು (ತರ್ಕದಿಂದ ಪಡೆಯುವ ಅರಿವನ್ನು) ಭಾಷ್ಯಕಾರ ವಾತ್ಸ್ಯಾಯನರು ಪರಿಶೇಷ ಎಂದು ವಿವರಿಸುತ್ತಾರೆ. ಶಬ್ದವು ದ್ರವ್ಯವಲ್ಲ, ಕರ್ಮವಲ್ಲ, ಆದ್ದರಿಂದ ಗುಣ ಎಂಬುದು ಅವರ ಉದಾಹರಣೆ. ಆದರೆ ಪರಿಶೇಷಕ್ಕೆ ಬಲ ಬರುವುದು ಸಾಧ್ಯತೆಗಳ ಪಟ್ಟಿ ಪೂರ್ಣವಾಗಿದೆ ಎಂಬ ಭರವಸೆ ಇದ್ದಾಗ ಮಾತ್ರ. ಮೂರು ಅಂಕಿಗಳು 2, 5, 8 ಅಲ್ಲದೆ ಬೇರೆ ಇರಲಾರವು ಎಂದು ಹೇಳಿದವರು ಯಾರು? ಒಗಟು ಕಟ್ಟಿದವರು. ತರ್ಕ ಎಷ್ಟೇ ಬಿಗಿಯಾಗಿದ್ದರೂ ಅದು ನಿಂತಿರುವುದು ಒಬ್ಬರ ಮಾತಿನ ಮೇಲೆ.

ಹೀಗೆ ಅನುಮಾನದ ಅಡಿಯಲ್ಲಿ ಶಬ್ದಪ್ರಮಾಣ ಕುಳಿತಿದೆ. ನ್ಯಾಯದ ಪ್ರಕಾರ ಆಪ್ತರ ಉಪದೇಶ ಪ್ರಮಾಣ. ವಿಷಯವನ್ನು ತಾನೇ ಕಂಡು, ಕಂಡದ್ದನ್ನು ಕಂಡಂತೆ ತಿಳಿಸಬೇಕೆಂಬ ಇಚ್ಛೆ ಇರುವವನು ಆಪ್ತ. ಅವನು ಋಷಿಯಾಗಿರಬಹುದು, ಆರ್ಯನಾಗಿರಬಹುದು, ಮ್ಲೇಚ್ಛನೂ ಆಗಿರಬಹುದು ಎಂದು ವಾತ್ಸ್ಯಾಯನರು ಹೇಳಿರುವುದು ಇಲ್ಲಿ ತುಂಬ ಮುಖ್ಯ. ಕುಲ, ಪರಿಚಯ, ಅಧಿಕಾರ ಯಾವುದೂ ಬೇಕಿಲ್ಲ. ಡಬ್ಬಿ ಇಟ್ಟವರು ಹುಡುಕುವವರಿಗೆ ಹೆಚ್ಚಾಗಿ ಅಪರಿಚಿತರು, ಒಂದು ಅಡ್ಡಹೆಸರಷ್ಟೇ ಗೊತ್ತಿರುತ್ತದೆ. ಅಲ್ಲದೆ ಅವರು ಮೊದಲು ಕೊಟ್ಟದ್ದೇ ಸುಳ್ಳು ಅಂಕಿಗಳನ್ನು. ಆದರೂ ಅವರು ಆಪ್ತರೇ. ಆ ಅಂಕಿಗಳು ನಿಜವಲ್ಲವೆಂದು ಆಡುವವರಿಗೆಲ್ಲ ಮೊದಲೇ ತಿಳಿದಿರುವುದರಿಂದ ಅಲ್ಲಿ ವಂಚನೆಯಿಲ್ಲ. ಒಗಟು ಬಿಡಿಸಿದರೆ ದಾರಿ ಸಿಗುತ್ತದೆ ಎಂಬ ಮಾತಿಗೆ ಅವರು ಬದ್ಧರಾಗಿದ್ದಾರೆ, ಹುಡುಕುವವರು ನಂಬುವುದು ಆ ಮಾತನ್ನು.

ಈ ನಂಬಿಕೆ ತರ್ಕದ ಒಳಕ್ಕೂ ಇಳಿಯುತ್ತದೆ. ಸುಡೊಕುವಿಗೆ ಒಂದೇ ಉತ್ತರವಿರಬೇಕು ಎಂಬ ನಿಯಮವನ್ನು ನುರಿತವರು ಸುಳಿವಿನಂತೆ ಬಳಸುತ್ತಾರೆ. ಒಂದು ಮನೆಯಲ್ಲಿ ಇಂಥ ಅಂಕಿ ಬಂದರೆ ಎರಡು ಉತ್ತರಗಳಾಗುತ್ತವೆ, ಆದ್ದರಿಂದ ಅದು ಬರಲಾರದು ಎಂದು ನಿರ್ಧರಿಸುತ್ತಾರೆ. ಇದು ಚೌಕಗಳಿಂದ ಹುಟ್ಟಿದ ತೀರ್ಮಾನವಲ್ಲ, ರಚಿಸಿದವರ ಮನಸ್ಸನ್ನು ಊಹಿಸಿ ತೆಗೆದದ್ದು. ಉದಯನಾಚಾರ್ಯರು ನ್ಯಾಯಕುಸುಮಾಂಜಲಿಯಲ್ಲಿ ಜಗತ್ತು ಕಾರ್ಯವಾದ್ದರಿಂದ ಅದಕ್ಕೆ ಕರ್ತೃವಿರಬೇಕು ಎಂದು ವಾದಿಸಿ ಈಶ್ವರನನ್ನು ಸಾಧಿಸುತ್ತಾರೆ. ಒಗಟು ಬಿಡಿಸುವವರ ದಾರಿ ಅದಕ್ಕೆ ತಿರುಗುಮುರುಗು. ಕರ್ತೃ ಇದ್ದಾರೆಂಬುದು ಮೊದಲೇ ಗೊತ್ತು. ಅದರಿಂದ ರಚನೆಯಲ್ಲಿ ಕ್ರಮವಿರಲೇಬೇಕು ಎಂದು ಇಳಿಯುತ್ತಾರೆ. ಪ್ರಕೃತಿಯ ಮುಂದೆ ಇದೇ ಧೈರ್ಯ ತೋರಲು ಬರುವುದಿಲ್ಲ. ನಿನ್ನ ಪ್ರಶ್ನೆಗೆ ಒಂದೇ ಉತ್ತರವಿದೆ ಎಂದು ಬೆಟ್ಟವಾಗಲಿ ನದಿಯಾಗಲಿ ಯಾರಿಗೂ ಮಾತು ಕೊಟ್ಟಿಲ್ಲ. ಒಗಟಿನಿಂದ ಕಲಿತ ಖಚಿತತೆಯನ್ನು ಲೋಕದ ಮೇಲೆ ಹೇರುವವರು ಗಮನಿಸಬೇಕಾದ ವ್ಯತ್ಯಾಸ ಇದು.

ಉತ್ತರ ಸಿಕ್ಕ ಮೇಲೆ ಅದು ಸರಿ ಎಂದು ಗೊತ್ತಾಗುವುದು ಹೇಗೆ? ಜ್ಞಾನ ಹುಟ್ಟಿದೊಡನೆ ಅದರ ಪ್ರಾಮಾಣ್ಯವೂ ತಾನಾಗಿಯೇ ತಿಳಿಯುತ್ತದೆ ಎನ್ನುವುದು ಸ್ವತಃಪ್ರಾಮಾಣ್ಯವಾದ. ಕುಮಾರಿಲಭಟ್ಟರ ಮೀಮಾಂಸೆಯೂ ವೇದಾಂತಿಗಳೂ ಈ ಪಕ್ಷ. ನೈಯಾಯಿಕರದು ಪರತಃಪ್ರಾಮಾಣ್ಯ: ದೂರದಲ್ಲಿ ನೀರು ಕಂಡವನು ಹೋಗಿ ಕುಡಿದು ಬಾಯಾರಿಕೆ ತೀರಿದಾಗ, ಅಂದರೆ ಪ್ರವೃತ್ತಿ ಸಫಲವಾದಾಗ, ಮೊದಲಿನ ಅರಿವು ಸರಿಯಿತ್ತೆಂದು ಅನುಮಾನಿಸುತ್ತಾನೆ. 14ನೆಯ ಶತಮಾನದಲ್ಲಿ ಮಿಥಿಲೆಯ ಗಂಗೇಶರು ತತ್ತ್ವಚಿಂತಾಮಣಿಯಲ್ಲಿ ಈ ವಾದವನ್ನು ಬಹಳ ಸೂಕ್ಷ್ಮವಾಗಿ ಕಟ್ಟಿದರು. ಅದಕ್ಕೆ ಬಂದ ಬಲವಾದ ಉತ್ತರಗಳಲ್ಲಿ ಒಂದು ಕನ್ನಡನಾಡಿನದು. ವಿಜಯನಗರದ ಕಾಲದ ವ್ಯಾಸತೀರ್ಥರು ತರ್ಕತಾಂಡವದ ಆರಂಭದಲ್ಲೇ ಪ್ರಾಮಾಣ್ಯದ ಚರ್ಚೆಗೆ ಇಳಿಯುತ್ತಾರೆ. ಅವರು ಅನುಸರಿಸುವ ಮಧ್ವಮತದಂತೆ ಜ್ಞಾನವನ್ನೂ ಅದರ ಪ್ರಾಮಾಣ್ಯವನ್ನೂ ಗ್ರಹಿಸುವುದು ಸಾಕ್ಷಿ, ಅಂದರೆ ಆತ್ಮಸ್ವರೂಪವಾದ ಒಳ ಇಂದ್ರಿಯ. ಪರೀಕ್ಷೆಯ ಕೆಲಸ ಸಂಶಯವೆಂಬ ಅಡ್ಡಿಯನ್ನು ತೆಗೆಯುವುದಷ್ಟೇ; ಪರೀಕ್ಷೆಯೇ ಪ್ರಾಮಾಣ್ಯವನ್ನು ತಿಳಿಸಿಕೊಡುತ್ತದೆ ಎಂದರೆ ಆ ಪರೀಕ್ಷೆಗೆ ಇನ್ನೊಂದು ಪರೀಕ್ಷೆ ಬೇಕಾಗಿ ಕೊನೆಯೇ ಇರುವುದಿಲ್ಲ.

ಎರಡು ಪಕ್ಷಗಳಲ್ಲಿ ಒಂದನ್ನೇ ಆರಿಸಬೇಕು ಎಂಬಂತೆ ತೋರುವುದು ಪ್ರಶ್ನೆಯಲ್ಲಿ ಎರಡು ಸಂಗತಿಗಳು ಬೆರೆತಿರುವುದರಿಂದ. ‘ಇಟ್ಟವರು ಸೂಚಿಸಿದ ಅಂಕಿ 528’ ಎಂಬುದು ಒಂದು. ‘ಅಲ್ಲಿ ಈಗ ಡಬ್ಬಿ ಇದೆ’ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ವ್ಯಾಸತೀರ್ಥರ ಮಾತೇ ಹೆಚ್ಚು ಹೊಂದುತ್ತದೆ. ಸುಳಿವುಗಳೆಲ್ಲ ಒಂದಕ್ಕೊಂದು ಕೂಡಿಕೊಂಡಾಗ ಬರುವ ನಿಶ್ಚಯ ಹೊರಗಿನ ಮುದ್ರೆಗಾಗಿ ಕಾಯುವುದಿಲ್ಲ. ಅನೇಕ ಒಗಟುಗಳ ಜೊತೆ ಉತ್ತರ ಸರಿಯೇ ತಪ್ಪೇ ಎಂದು ಹೇಳುವ ಒಂದು ಪರೀಕ್ಷಕ ತಂತ್ರಾಂಶ ಇರುತ್ತದೆ; ಅದು ಮಾಡುವುದೂ ಉಳಿದ ಶಂಕೆಯನ್ನು ತೆಗೆಯುವ ಕೆಲಸವನ್ನೇ. ಎರಡನೆಯದರಲ್ಲಿ ಗಂಗೇಶರ ಪಕ್ಷ ಗಟ್ಟಿ. ಮಳೆ, ಪ್ರವಾಹ, ರಸ್ತೆ ಕಾಮಗಾರಿ, ಕುತೂಹಲದ ಮಕ್ಕಳು ಇವ್ಯಾವುದಕ್ಕೂ ಒಗಟಿನ ನಿಯಮ ಗೊತ್ತಿಲ್ಲ. ಹೋಗಿ ಕೈಯಿಟ್ಟಲ್ಲದೆ ಅದು ತೀರದು.

ಆದರೆ ಕೈಗೆ ಸಿಕ್ಕಿತೆಂದ ಮಾತ್ರಕ್ಕೆ ಮೊದಲೇ ತಿಳಿದಿತ್ತು ಎನ್ನಬಹುದೇ? ಪ್ಲೇಟೋನ ಮೆನೋ ಸಂವಾದದಲ್ಲಿ ಸಾಕ್ರೆಟೀಸ್ ಲರಿಸಾ ಊರಿನ ದಾರಿಯ ಮಾತೆತ್ತುತ್ತಾನೆ. ದಾರಿ ಬಲ್ಲವನೂ, ಬಲ್ಲದೆ ಸರಿಯಾಗಿ ಊಹಿಸಿದವನೂ ಅದೇ ಊರು ಸೇರುತ್ತಾರೆ. ಎರಡನೆಯ ಸುಳಿವನ್ನು ಓದದೆ 528, 582ರಲ್ಲಿ ಒಂದನ್ನು ಸುಮ್ಮನೆ ಆರಿಸಿದವರಿಗೂ ಡಬ್ಬಿ ಸಿಗಬಹುದು. 582 ಕೆರೆಯ ನಡುವೆ ಬೀಳುತ್ತದೆ ಎಂದು ನಕ್ಷೆ ನೋಡಿ 528ಕ್ಕೆ ಹೋದವರ ವಿಷಯ ಬೇರೆ. ಅವರು ಒಗಟನ್ನು ಪೂರ್ತಿ ಬಿಡಿಸಲಿಲ್ಲ, ಆದರೂ ಅವರದು ಊಹೆಯಲ್ಲ, ಅನುಮಾನವೇ.

ಇದಕ್ಕಿಂತ ತೊಡಕಿನ ಸಂದರ್ಭವೊಂದಿದೆ. ಮೂಲ ಡಬ್ಬಿ ಪ್ರವಾಹದಲ್ಲಿ ಕೊಚ್ಚಿಹೋಗಿದೆ. ಹುಡುಕಿ ಸೋತ ಯಾರೋ ಅದೇ ಜಾಗದಲ್ಲಿ ತಮ್ಮದೇ ಇನ್ನೊಂದು ಡಬ್ಬಿಯನ್ನು ಬಿಟ್ಟುಹೋಗಿದ್ದಾರೆ. ಆಡುವವರು ಇದನ್ನು ಥ್ರೋಡೌನ್ ಎನ್ನುತ್ತಾರೆ, ಹೆಚ್ಚಿನವರಿಗೆ ಇದು ಒಪ್ಪಿಗೆಯಿಲ್ಲ. ಮರುದಿನ ಒಬ್ಬರು ಒಗಟನ್ನು ಸರಿಯಾಗಿ ಬಿಡಿಸಿ ಬಂದು, ಆ ಡಬ್ಬಿಯಲ್ಲಿ ಹೆಸರು ಬರೆದು ಹೋಗುತ್ತಾರೆ. ‘ಅಲ್ಲಿ ಡಬ್ಬಿ ಇದೆ’ ಎಂಬ ಅವರ ಅರಿವು ಸತ್ಯ. ಅದಕ್ಕೆ ಒಳ್ಳೆಯ ಕಾರಣವೂ ಇತ್ತು. ಆದರೆ ಆ ಕಾರಣಕ್ಕೂ ಆ ಡಬ್ಬಿಗೂ ಸಂಬಂಧವಿಲ್ಲ. ಎಡ್ಮಂಡ್ ಗೆಟಿಯರ್ 1963ರ ತಮ್ಮ ಪುಟ್ಟ ಲೇಖನದಲ್ಲಿ ಇಂಥ ಉದಾಹರಣೆಗಳನ್ನು ಕೊಟ್ಟು ಪಾಶ್ಚಾತ್ಯ ಜ್ಞಾನಮೀಮಾಂಸೆಯನ್ನು ಕಲಕಿದರು. ಅದಕ್ಕೂ ಬಹಳ ಹಿಂದೆ, 8ನೆಯ ಶತಮಾನದಲ್ಲಿ, ಧರ್ಮಕೀರ್ತಿಯ ಗ್ರಂಥಕ್ಕೆ ವ್ಯಾಖ್ಯಾನ ಬರೆದ ಬೌದ್ಧ ಪಂಡಿತ ಧರ್ಮೋತ್ತರ ಇದೇ ಬಗೆಯ ಪ್ರಸಂಗ ಕೊಟ್ಟಿದ್ದ: ಬಿಸಿಲ್ಗುದುರೆಯನ್ನು ನೀರೆಂದು ಬಗೆದು ಹೋದವನಿಗೆ ಅಲ್ಲೇ ಬಂಡೆಯ ಮರೆಯಲ್ಲಿ ನಿಜವಾದ ನೀರು ಸಿಗುತ್ತದೆ. ಸಿಕ್ಕಿದೆ, ಬಾಯಾರಿಕೆ ತೀರಿದೆ. ಆದರೂ ಮೊದಲಿನ ಅರಿವು ಪ್ರಮಾಣವಲ್ಲ. ಸಫಲತೆಯೊಂದನ್ನೇ ಒರೆಗಲ್ಲು ಮಾಡಿಕೊಂಡರೆ ಅದೃಷ್ಟವೂ ಜ್ಞಾನದ ಪಂಕ್ತಿಯಲ್ಲಿ ಬಂದು ಕೂರುತ್ತದೆ.

ಇನ್ನು ಸಿಗದೆ ಹೋದಾಗಿನ ಸ್ಥಿತಿ. ಹುಡುಕಿ ಬರಿಗೈಯಲ್ಲಿ ಮರಳಿದವರು ಡಿಎನ್‌ಎಫ್ ಎಂದು ದಾಖಲಿಸುತ್ತಾರೆ, ಅಂದರೆ ತಮಗೆ ಸಿಗಲಿಲ್ಲವೆಂದು. ಅಲ್ಲಿಲ್ಲ ಎಂದಲ್ಲ. ಈ ಎಚ್ಚರ ತುಂಬ ಸರಿಯಾದದ್ದು. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಅಭಾವವನ್ನು ತಿಳಿಯಲು ಅನುಪಲಬ್ಧಿ ಎಂಬ ಆರನೆಯ ಪ್ರಮಾಣವನ್ನೇ ಒಪ್ಪುತ್ತಾರೆ. ನೈಯಾಯಿಕರು ಅದನ್ನು ಪ್ರತ್ಯಕ್ಷದಲ್ಲೇ ಸೇರಿಸುತ್ತಾರೆ. ಆದರೆ ಯೋಗ್ಯತೆಯ ನಿಯಮದಲ್ಲಿ ಭಿನ್ನಮತವಿಲ್ಲ: ವಸ್ತು ಅಲ್ಲಿದ್ದಿದ್ದರೆ ಕಾಣಲೇಬೇಕಿತ್ತು ಎಂಬ ಸ್ಥಿತಿಯಲ್ಲಿ ಕಾಣದಿರುವುದು ಮಾತ್ರ ಅಭಾವವನ್ನು ತಿಳಿಸುತ್ತದೆ. ಬರಿದಾದ ಕಟ್ಟೆಯ ಮೇಲೆ ಊಟದ ಡಬ್ಬಿಯಷ್ಟು ದೊಡ್ಡದು ಕಾಣದಿದ್ದರೆ ಅದು ಅಲ್ಲಿಲ್ಲ. ಆದರೆ ನ್ಯಾನೋ ಎಂದು ಕರೆಯುವ, ಬೆರಳ ತುದಿಯಷ್ಟೇ ಇರುವ ಡಬ್ಬಿಯನ್ನು ಕಲ್ಲುಗೋಡೆಯ ಸಂದಿನಲ್ಲಿ ಇಟ್ಟಿರಬಹುದು. ಜಿಪಿಎಸ್ ತೋರಿಸುವ ಬಿಂದುವೂ ಕೆಲವು ಮೀಟರ್ ಅತ್ತಿತ್ತ ಆಗುತ್ತದೆ. ಅಲ್ಲಿ ಗಂಟೆಗಟ್ಟಲೆ ಹುಡುಕಿ ಕಾಣದಿದ್ದರೂ ಏನೂ ಸಾಬೀತಾಗುವುದಿಲ್ಲ. ಒಗಟನ್ನು ತಪ್ಪಾಗಿ ಬಿಡಿಸಿರಬಹುದು, ಕಣ್ಣು ತಪ್ಪಿರಬಹುದು, ಡಬ್ಬಿಯೇ ಹೋಗಿರಬಹುದು. ಪರೀಕ್ಷಕ ತಂತ್ರಾಂಶವಿದ್ದರೆ ಮೊದಲನೆಯದನ್ನು ತಳ್ಳಿಹಾಕಬಹುದು; ಉಳಿದ ಎರಡನ್ನು ಬೇರ್ಪಡಿಸುವ ಸಾಧನ ಹುಡುಕುವವರ ಬಳಿ ಇಲ್ಲ.

ಆ ಸಾಧನ ಇರುವುದು ಇಟ್ಟವರ ಬಳಿ. ಯಾವ ಕಲ್ಲು, ಯಾವ ಸಂದು ಎಂಬುದು ಅವರಿಗೆ ಗೊತ್ತು. ಆದ್ದರಿಂದ ಅವರು ನೋಡಿ ಕಾಣದಿದ್ದರೆ ಅದು ಯೋಗ್ಯ ಅನುಪಲಬ್ಧಿ. ಡಿಎನ್‌ಎಫ್‌ಗಳು ಸಾಲುಗಟ್ಟಿದಾಗ ಅವರು ಹೋಗಿ ನೋಡಿ, ಇಲ್ಲವೆಂದು ಖಾತ್ರಿಯಾದರೆ ಬೇರೊಂದನ್ನು ಇಡುತ್ತಾರೆ ಅಥವಾ ಆ ನಮೂದನ್ನು ತಾತ್ಕಾಲಿಕವಾಗಿ ನಿಲ್ಲಿಸುತ್ತಾರೆ. ಅಷ್ಟು ದಿನ 528 ಎಂದು ಲೆಕ್ಕ ಹಾಕಿ ಬಂದು ಬರಿಗೈಯಲ್ಲಿ ಮರಳಿದವರ ಉತ್ತರ ಆಗಲೂ ಸರಿಯಾಗಿಯೇ ಇತ್ತು. ಅವರು ಬಿಡಿಸಿದ್ದರಲ್ಲಿ ಯಾವ ಹೆಜ್ಜೆಯನ್ನೂ ಹಿಂತೆಗೆದುಕೊಳ್ಳಬೇಕಾಗಿಲ್ಲ.